ಉಪ್ಪುನೀರು ನುಗ್ಗಿದ ಗದ್ದೆಯಲ್ಲಿ ಉಳಿದ ಕಜೆ: ಇದು ನಿಜಕ್ಕೂ ಉಪ್ಪು ತಾಳುವ ತಳಿಯಾ?

ಬೈಲಮನೆ (ಕುಂಬಳೆ):
ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಿಯಾ ಹೊಳೆ ಬದಿಯ ಬೈಲು, ಅಳಿವೆಗೆ ಹತ್ತಿರ. ಈ ಸಲ ಸುಗ್ಗಿ ಬೆಳೆಗೆ ಕಟ್ಟ (ಉಪ್ಪುನೀರು ತಡೆಯುವ ಒಡ್ಡು) ಹಾಕುವುದು ತಡವಾಯಿತು. ಹಾಕಿದ ಕಟ್ಟವೂ ಒಂದು ಬದಿ ಕುಸಿಯಿತು. ಹುಣ್ಣಿಮೆಯ ಉಬ್ಬರಕ್ಕೆ ಉಪ್ಪುನೀರು ಸೀದಾ ಗದ್ದೆಗೆ ಬಂತು. ಜ್ಯೋತಿ ಎಂಬ ಇಳುವರಿ ತಳಿಯ ಭತ್ತ ಹಾಕಿದ ಗದ್ದೆಗಳಲ್ಲಿ ಕದಿರು ಬೆಳ್ಳಗೆ ನಿಂತಿದೆ, ಹಿಸುಕಿದರೆ ಬರೀ ಜೊಳ್ಳು. ಪಕ್ಕದ ಗದ್ದೆಯಲ್ಲಿ ಅಜ್ಜನ ಕಾಲದಿಂದ ಉಳಿಸಿಕೊಂಡು ಬಂದ ಕಜೆ ಎಂಬ ಊರ ಭತ್ತ ಇತ್ತು. ಅದರ ಎಲೆಗಳ ತುದಿ ಸುಟ್ಟ ಹಾಗೆ ಆಗಿದೆ, ಆದರೆ ಕಾಳು ಹೆಚ್ಚುಕಮ್ಮಿ ತುಂಬಿದೆ.

ಹೊಸ ತಳಿ ಮಾಡುವವರಿಗೆ ಇಂಥದ್ದು ಬೇಕಾಗುತ್ತದೆ ಎಂದು ಕೇಳಿದ್ದೇನೆ. ಕೊಟ್ಟರೆ ಪ್ರಯೋಜನ ಉಂಟಾ? ಅದಕ್ಕೂ ಮೊದಲು ನಾವೇ ಮನೆಯಲ್ಲಿ ಏನಾದರೂ ಪರೀಕ್ಷೆ ಮಾಡಿ ನೋಡಬಹುದಾ?

ನೀರ್ಚಾಲು ಭಾವ:
ಒಳ್ಳೆ ಸುದ್ದಿ ಮಾರಾಯ್ರೆ. ಬೀಜ ತೆಗೆದಿಡಿ, ಬೇರೆಯದರ ಜೊತೆ ಬೆರೆಸಬೇಡಿ. ನಮ್ಮ ಜಿಲ್ಲೆಯ ಸತ್ಯನಾರಾಯಣ ಬೇಳೇರಿಯವರು ರಾಜಕಯಮೆ ಭತ್ತದಿಂದ ಹಿಡಿದು 650ಕ್ಕೂ ಜಾಸ್ತಿ ತಳಿ ಉಳಿಸಿದರು, 2024ರಲ್ಲಿ ಪದ್ಮಶ್ರೀ ಬಂತು. ನಿಮ್ಮ ಕಜೆಗೂ ಒಂದು ಕಾಲ ಬರಬಹುದು!

ತಳಿಹುಡುಕ (ಕಾಸರಗೋಡು):
ಬೈಲಮನೆ ಅಣ್ಣ, ಬೀಜ ತೆಗೆದಿಡಿ ಎನ್ನುವುದಕ್ಕೆ ನನ್ನದೂ ಒಪ್ಪಿಗೆ. ಆದರೆ 'ಉಪ್ಪು ತಾಳುವ ತಳಿ' ಎಂದು ಈಗಲೇ ಹೆಸರು ಕೊಡಬೇಡಿ. ಗದ್ದೆಯಲ್ಲಿ ಉಳಿಯುವುದಕ್ಕೆ ಹತ್ತು ಕಾರಣ ಇರುತ್ತದೆ. ನಾನು ಕೃಷಿ ಕಾಲೇಜಿನಲ್ಲಿ ತಳಿ ವಿಭಾಗದಲ್ಲಿ ಓದಿದವನು. ಅಲ್ಲಿ ಮೊದಲು ಕೇಳುವ ಪ್ರಶ್ನೆಗಳನ್ನೇ ಕೇಳುತ್ತೇನೆ, ಬೇಸರ ಮಾಡಬೇಡಿ.

ಕಜೆ ಗದ್ದೆ ಉಳಿದವುಗಳಿಗಿಂತ ಎತ್ತರದಲ್ಲಿ ಉಂಟಾ? ಗುಡ್ಡೆಯ ಒರತೆ ನೀರು ಅದಕ್ಕೆ ಬೀಳುತ್ತದಾ? ಉಪ್ಪುನೀರು ಬಂದ ದಿನ ಕಜೆ ಯಾವ ಹಂತದಲ್ಲಿತ್ತು, ಜ್ಯೋತಿ ಯಾವ ಹಂತದಲ್ಲಿತ್ತು?

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ.

ಬೈಲಮನೆ (ಕುಂಬಳೆ):
ಎತ್ತರ ಒಂದೇ, ಹುಣಿಯೂ (ಬದು) ಒಂದೇ ಮಟ್ಟ. ಒರತೆ ಉಂಟು, ಆದರೆ ಅದು ಮೇಲಿನ ಮಜಲು ಗದ್ದೆಗೆ ಹೋಗುತ್ತದೆ, ಇಲ್ಲಿಗೆ ಬರುವುದಿಲ್ಲ. ಹಂತದ ವಿಷಯ: ಜ್ಯೋತಿ ಆಗಷ್ಟೇ ಹೊಡೆ ಒಡೆಯುತ್ತಾ ಇತ್ತು. ಕಜೆಯಲ್ಲಿ ಹೂ ಮುಗಿದು ಹಾಲು ತುಂಬಿತ್ತು ಅನಿಸುತ್ತದೆ. ಎರಡನ್ನೂ ನೆಟ್ಟದ್ದು ಒಂದೇ ವಾರದಲ್ಲಿ.

ತಳಿಹುಡುಕ (ಕಾಸರಗೋಡು):
ನೋಡಿ, ಗಂಟು ಇಲ್ಲೇ ಇರುವುದು.

ಭತ್ತಕ್ಕೆ ಉಪ್ಪು ಎಲ್ಲ ವಯಸ್ಸಿನಲ್ಲೂ ಒಂದೇ ರೀತಿ ತೊಂದರೆ ಕೊಡುವುದಿಲ್ಲ. ಮೊಳಕೆ ಒಡೆಯುವಾಗ ಸಾಕಷ್ಟು ತಾಳಿಕೊಳ್ಳುತ್ತದೆ. ಎರಡು ಮೂರು ಎಲೆಯ ನೇಜಿ (ಸಸಿ) ಆದಾಗ ತುಂಬಾ ಸೂಕ್ಷ್ಮ. ಆಮೇಲೆ ತೆಂಡೆ ಒಡೆಯುವಾಗ ಸ್ವಲ್ಪ ಗಟ್ಟಿಯಾಗುತ್ತದೆ. ಮತ್ತೆ ಕದಿರು ಒಳಗೆ ಕಟ್ಟುವ ಹೊತ್ತಿನಿಂದ ಹೂ ಬಿಡುವವರೆಗೆ ಬಹಳ ಸೂಕ್ಷ್ಮ. ಹೂ ದಾಟಿ ಕಾಳು ತುಂಬಲು ಶುರುವಾದ ಮೇಲೆ ಅಪಾಯ ಕಡಿಮೆ. ಅಂದರೆ ನಿಮ್ಮ ಜ್ಯೋತಿಗೆ ಉಪ್ಪು ಬಡಿದದ್ದು ತೀರಾ ಕೆಟ್ಟ ಗಳಿಗೆಯಲ್ಲಿ. ಕಜೆ ಆ ಗಳಿಗೆಯನ್ನು ಆಗಲೇ ದಾಟಿತ್ತು. ಕಜೆ ಉಪ್ಪನ್ನು ತಾಳಿದ್ದೋ, ತಪ್ಪಿಸಿಕೊಂಡದ್ದೋ ಇದರಿಂದ ಗೊತ್ತಾಗುವುದಿಲ್ಲ.

ಹಳೆ ತಳಿಗಳಲ್ಲಿ ಎಷ್ಟೋ ಹಗಲಿನ ಉದ್ದ ನೋಡಿ ಹೂ ಬಿಡುವಂಥವು. ಹಗಲು ಚಿಕ್ಕದಾಗುವ ಕಾಲದಲ್ಲಿ ನೆಟ್ಟರೆ ಬೇಗ ಕದಿರು ಬಿಡುತ್ತವೆ. ನಿಮ್ಮ ಕಜೆ ಆ ಜಾತಿಯದಾದರೆ ಮುಂಚೆ ಹೂ ಬಿಟ್ಟದ್ದಕ್ಕೂ ಕಾರಣ ಸಿಕ್ಕಿತು.

ನೀರ್ಚಾಲು ಭಾವ:
ತಪ್ಪಿಸಿಕೊಂಡರೂ ಅಕ್ಕಿ ಸಿಕ್ಕಿತಲ್ಲ! ರೈತನಿಗೆ ಏನು ವ್ಯತ್ಯಾಸ?

ತಳಿಹುಡುಕ (ಕಾಸರಗೋಡು):
ಭಾವ, ರೈತನಿಗೆ ಆ ವರ್ಷಕ್ಕೆ ವ್ಯತ್ಯಾಸ ಇಲ್ಲ, ಒಪ್ಪಿದೆ. ಬೇಗ ಬರುವ ತಳಿ ಹಾಕುವುದೂ ಒಂದು ದಾರಿಯೇ. ಆದರೆ ತಳಿ ಕೂಡಿಸುವವರಿಗೆ ಬೇಕಾದ್ದು ಮುಂದಿನ ಪೀಳಿಗೆಗೆ ದಾಟಿಸಬಹುದಾದ ಗುಣ. ಬೇಗ ಹೂ ಬಿಡುವ ಗುಣ ನೂರು ತಳಿಯಲ್ಲಿ ಸಿಗುತ್ತದೆ, ಅದಕ್ಕಾಗಿ ಈ ಕಜೆಯೇ ಬೇಕೆಂದಿಲ್ಲ. ಸೋಡಿಯಂ ಎಲೆಗೆ ಏರದಂತೆ ತಡೆಯುವ ಗುಣ ಹಾಗಲ್ಲ, ಅದು ಅಪರೂಪ. ಆರು ವರ್ಷ ಹೊಲದಲ್ಲಿ ದುಡಿದ ಮೇಲೆ 'ಇದು ಬರೀ ಬೇಗ ಹೂ ಬಿಟ್ಟದ್ದು' ಎಂದು ಗೊತ್ತಾದರೆ ಯಾರಿಗೆ ಬೇಕು?

ಮೊಗ್ರಾಲು ಟೀಚರ್:
ಸೋಡಿಯಂ ತಡೆಯುವುದು ಅಂದರೆ ಹೇಗೆ? ಬೇರಿನಲ್ಲಿ ಸೋಸುತ್ತದಾ? ಮಕ್ಕಳು ಕೇಳಿದರೆ ಹೇಳಲಿಕ್ಕೆ ಬೇಕಿತ್ತು.

ತಳಿಹುಡುಕ (ಕಾಸರಗೋಡು):
ಟೀಚರ್, ಬೇರು ಪೂರ್ತಿ ಸೋಸುವುದಿಲ್ಲ, ಒಂದಷ್ಟು ಒಳಗೆ ಬಂದೇ ಬರುತ್ತದೆ. ಬಂದದ್ದು ನೀರಿನ ಕೊಳವೆಯಲ್ಲಿ ಮೇಲೆ ಹತ್ತುವಾಗ ಕೊಳವೆಯ ಪಕ್ಕದ ಜೀವಕೋಶಗಳು ಸೋಡಿಯಂ ಅನ್ನು ಹೊರಗೆಳೆದು ಬೇರಿನಲ್ಲೇ ಇಟ್ಟುಕೊಳ್ಳುತ್ತವೆ. ಆ ಕೆಲಸ ಮಾಡುವ ಪ್ರೋಟೀನಿನ ಜೀನ್ ಅನ್ನು 2005ರಲ್ಲಿ ಚೀನಾದ ವಿಜ್ಞಾನಿಗಳು ಬಂಗಾಳದ 'ನೋನಾ ಬೊಕ್ರಾ' ಎಂಬ ಹಳೆ ತಳಿಯಿಂದ ಗುರುತಿಸಿದರು. ಎಸ್‌ಕೆಸಿ1 ಎನ್ನುತ್ತಾರೆ. ನಮ್ಮ ಕೇರಳದ ಪೊಕ್ಕಾಳಿ ಎಂಬ ಉಪ್ಪುಗದ್ದೆಯ ತಳಿಯಲ್ಲೂ ಒಂದನೆಯ ಕ್ರೋಮೋಸೋಮಿನ ಅದೇ ಪ್ರದೇಶದಲ್ಲಿ 'ಸಾಲ್ಟಾಲ್' ಎಂಬ ಭಾಗ ಸಿಕ್ಕಿದೆ. ಹೀಗಾಗಿ ಎಲೆಯಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಜಾಸ್ತಿ. ಪ್ರಯೋಗಾಲಯದಲ್ಲಿ ತಳಿ ಅಳೆಯುವಾಗ ಈ ಎರಡರ ಅನುಪಾತವನ್ನೇ ನೋಡುತ್ತಾರೆ.

ಇನ್ನೊಂದು ಉಪಾಯವೂ ಉಂಟು. ಹತ್ತಿದ ಉಪ್ಪನ್ನು ಹಳೆ ಎಲೆಗಳಿಗೆ ತಳ್ಳಿ, ಹೊಸ ಎಲೆ ಮತ್ತು ಕದಿರನ್ನು ಕಾಪಾಡುವುದು. ಅದಕ್ಕೇ ತಾಳುವ ತಳಿಯಲ್ಲೂ ಕೆಳಗಿನ ಎಲೆ ಒಣಗುತ್ತದೆ. ಎಲೆ ಒಣಗಿತು ಎಂದು ತಕ್ಷಣ ತಳ್ಳಿಹಾಕಬಾರದು.

ಕುಮಟಾ ಗಜನಿ:
ನಾನು ಕುಮಟಾದವನು, ಆದರೂ ನಡುವೆ ಬಾಯಿ ಹಾಕುತ್ತೇನೆ. ನಮ್ಮ ಅಘನಾಶಿನಿ ಹೊಳೆಯ ಗಜನಿಯಲ್ಲಿ (ಉಪ್ಪುನೀರು ನುಗ್ಗುವ ಗದ್ದೆ) ಕಗ್ಗ ಭತ್ತ ಉಂಟು. ಮಾಣಿಕಟ್ಟಾ ಕಡೆ ಹೋದರೆ ನೋಡಬಹುದು. ಆಳೆತ್ತರ ಬೆಳೆಯುತ್ತದೆ, ನೆರೆ ನಿಂತರೂ ಸಾಯುವುದಿಲ್ಲ, ಗೊಬ್ಬರ ಬೇಡ. ಕಗ್ಗ ಉಪ್ಪು ತಾಳುತ್ತದೆ ಎಂದು ಯಾರೂ ಪ್ರಯೋಗಾಲಯದಲ್ಲಿ ಹೇಳಬೇಕಾಗಿಲ್ಲ, ನಮ್ಮ ಹಿರಿಯರು ತಲೆತಲಾಂತರದಿಂದ ನೋಡಿದ್ದಾರೆ. ಪ್ರತಿಯೊಂದಕ್ಕೂ ಪರೀಕ್ಷೆ ಅಂದರೆ ರೈತನ ಕಣ್ಣಿಗೆ ಬೆಲೆ ಇಲ್ಲವೋ?

ತಳಿಹುಡುಕ (ಕಾಸರಗೋಡು):
ಬೆಲೆ ಉಂಟು ಸರ್. ರೈತನ ಕಣ್ಣಿಲ್ಲದಿದ್ದರೆ ಪೊಕ್ಕಾಳಿಯೂ ಇಲ್ಲ, ಕಗ್ಗವೂ ಇಲ್ಲ. ಆದರೆ ಗಜನಿಯಲ್ಲಿ ಭತ್ತ ಬೆಳೆಯುವ ಕ್ರಮ ನೆನಪಿಸಿಕೊಳ್ಳಿ. ಬೇಸಿಗೆಯಲ್ಲಿ ಉಪ್ಪುನೀರು, ಸಿಗಡಿ, ಮೀನು. ಮಳೆಗಾಲದಲ್ಲಿ ಮಳೆನೀರು ಗದ್ದೆಯ ಉಪ್ಪನ್ನು ತೊಳೆದುಕೊಂಡು ಹೋದ ಮೇಲೆ ಭತ್ತ. ಕಣ್ಣೂರು ಮತ್ತು ನಮ್ಮ ತೆಂಕಣ ಕಾಸರಗೋಡಿನ ಕೈಪಾಡು ಎಂಬ ಉಪ್ಪುಗದ್ದೆಗಳಲ್ಲೂ ಹಾಗೇ. ಮಣ್ಣಿನ ದಿಬ್ಬ ಮಾಡಿ, ಮಳೆ ಬಿದ್ದು ಉಪ್ಪು ಇಳಿದ ಮೇಲೆ ಅದರ ಮೇಲೆ ಬಿತ್ತುತ್ತಾರೆ. ಆಮೇಲೆ ದಿಬ್ಬ ಒಡೆದು ಸಸಿ ಹರಡುತ್ತಾರೆ. ಅಲ್ಲಿ ಅರ್ಧ ಕೆಲಸ ಮಾಡುವುದು ಮಳೆ ಮತ್ತು ರೈತನ ಜಾಣತನ, ಉಳಿದರ್ಧ ತಳಿ. ಮಳೆ ನಡುವೆ ಕೈಕೊಟ್ಟ ವರ್ಷವೇ ತಳಿಯ ನಿಜವಾದ ಪರೀಕ್ಷೆ.

ಒಂದೇ ಗಜನಿಯಲ್ಲಿ ಬೆಳೆಯುವ ಹತ್ತು ತಳಿಗಳನ್ನು ತಂದು ಒಂದೇ ಉಪ್ಪಿನಲ್ಲಿಟ್ಟರೆ ಹತ್ತೂ ಒಂದೇ ಥರ ನಿಲ್ಲುವುದಿಲ್ಲ. ಯಾವುದನ್ನು ಕೂಡಿಸುವುದು ಎಂದು ಆರಿಸಲಿಕ್ಕೆ ಪರೀಕ್ಷೆ ಬೇಕು, ಹಿರಿಯರನ್ನು ಅನುಮಾನಿಸಲಿಕ್ಕಲ್ಲ.

ಕುಮಟಾ ಗಜನಿ:
ಅದು ಸರಿ. ಒಪ್ಪಿದೆ.

ಮಣ್ಣಕ್ಕ (ಮಂಜೇಶ್ವರ):
ನಾನು ಮಣ್ಣು ಪರೀಕ್ಷೆಯ ಕೆಲಸದಲ್ಲಿದ್ದವಳು, ನಿವೃತ್ತಿಯಾಗಿದೆ. ಬೈಲಮನೆಯವರೇ, ನೀವು ನೀರು, ಮಣ್ಣು ಅಳೆದಿದ್ದೀರಾ? ಇಲ್ಲದಿದ್ದರೆ ಈ ಚರ್ಚೆಗೆ ಬುಡವೇ ಇಲ್ಲ. ಎಷ್ಟು ಉಪ್ಪಿನಲ್ಲಿ ಉಳಿಯಿತು ಎಂದು ಗೊತ್ತಾಗಬೇಕಲ್ಲ.

ಅಳೆಯುವುದು ಇಸಿ, ಅಂದರೆ ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದು. ಉಪ್ಪು ಜಾಸ್ತಿಯಾದಷ್ಟೂ ಇಸಿ ಜಾಸ್ತಿ. ಅದರ ಮಾನ ಮೀಟರಿಗೆ ಇಷ್ಟು ಡೆಸಿಸೀಮನ್ಸ್ ಎಂದು; ಸಮುದ್ರದ ನೀರು ಸುಮಾರು 50. ಮಣ್ಣಿನದು 4 ದಾಟಿದರೆ ಉಪ್ಪು ಮಣ್ಣು ಎಂದು ಲೆಕ್ಕ. ಸಾಮಾನ್ಯ ಭತ್ತ 3ರ ವರೆಗೆ ಸುಮ್ಮನಿರುತ್ತದೆ, ಅಲ್ಲಿಂದ ಮೇಲೆ ಒಂದೊಂದು ಅಂಕಿಗೂ ಇಳುವರಿ ಶೇಕಡಾ 12ರಷ್ಟು ಇಳಿಯುತ್ತದೆ ಎನ್ನುವುದು ಹಳೆಯ, ಎಲ್ಲರೂ ಬಳಸುವ ಲೆಕ್ಕ.

ಇಲ್ಲಿ ಒಂದು ಎಚ್ಚರಿಕೆ. ಪುಸ್ತಕದಲ್ಲಿರುವ ಈ 3, 4 ಎಲ್ಲ ಮಣ್ಣನ್ನು ಕೆಸರಿನ ಹಾಗೆ ಕಲಸಿ ಅದರಿಂದ ಹಿಂಡಿದ ನೀರಿನ ಅಂಕಿ. ನಮ್ಮ ಲ್ಯಾಬುಗಳು ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡು ಅಥವಾ ಎರಡೂವರೆ ಪಾಲು ನೀರು ಹಾಕಿ ಅಳೆಯುತ್ತವೆ. ನೀರು ಜಾಸ್ತಿ ಇರುವುದರಿಂದ ಅಂಕಿ ಬಹಳ ಕಡಿಮೆ ಬರುತ್ತದೆ. ಮಣ್ಣು ಪರೀಕ್ಷೆಯ ಕಾರ್ಡಿನಲ್ಲಿ 1.5 ನೋಡಿ 'ಉಪ್ಪೇ ಇಲ್ಲ' ಎಂದು ಖುಷಿಪಟ್ಟವರನ್ನು ತುಂಬಾ ಕಂಡಿದ್ದೇನೆ. ಯಾವ ಕ್ರಮದಲ್ಲಿ ಅಳೆದದ್ದು ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಇನ್ನೊಂದು ಸಂಶಯ. ಸುಟ್ಟದ್ದು ಉಪ್ಪಿನಿಂದಲೇ ಅಂತ ಖಾತ್ರಿಯಾ? ನಮ್ಮ ಮುರಕಲ್ಲು ಸೀಮೆಯ ಬೈಲುಗಳಲ್ಲಿ ಕಬ್ಬಿಣದ ಕಾಟವೂ ಉಂಟು. ಗದ್ದೆ ನೀರಿನ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಕೆಂಪು ಕೆನೆ ಕಾಣುತ್ತದಲ್ಲ, ಅದು. ಒಂದು ಬುಡ ಕಿತ್ತು ನೋಡಿ. ಕಬ್ಬಿಣದ್ದಾದರೆ ಕೆಳಗಿನ ಎಲೆಯಲ್ಲಿ ತುದಿಯಿಂದ ಸಣ್ಣ ಸಣ್ಣ ಕಂದು ಚುಕ್ಕಿ ಶುರುವಾಗಿ, ಆಮೇಲೆ ಇಡೀ ಎಲೆ ಕಂಚಿನ ಬಣ್ಣಕ್ಕೆ ತಿರುಗಿರುತ್ತದೆ. ಬೇರಿಗೆ ತುಕ್ಕಿನ ಪದರ ಹಿಡಿದಿರುತ್ತದೆ. ಉಪ್ಪಿನದಾದರೆ ಚುಕ್ಕಿ ಇರುವುದಿಲ್ಲ. ತುದಿ ಬಿಳಚಿ, ಸುರುಟಿ, ಕಾಗದದ ಹಾಗೆ ಒಣಗುತ್ತದೆ.

ಬೈಲಮನೆ (ಕುಂಬಳೆ):
ಅಕ್ಕ, ಈಗಷ್ಟೇ ಗದ್ದೆಗೆ ಹೋಗಿ ಕಿತ್ತು ನೋಡಿದೆ. ಚುಕ್ಕಿ ಇಲ್ಲ. ತುದಿ ಬಿಳಿ, ಸುರುಟಿದೆ. ಬೇರು ಬುಡದಲ್ಲಿ ಸ್ವಲ್ಪ ಕೆಂಪು, ತುದಿ ಬಿಳಿಯೇ ಇದೆ. ಕೆಂಪು ಕೆನೆ ಮಳೆಗಾಲದಲ್ಲಿ ಮೇಲಿನ ಮೂಲೆಯಲ್ಲಿ ಕಾಣುತ್ತದೆ, ಇಲ್ಲಿ ಇಲ್ಲ. ಇಸಿ ಅಳೆದಿಲ್ಲ. ನೀರು ಬಾಯಿಗೆ ಹಾಕಿ ನೋಡಿದ್ದೆ, ಉಪ್ಪು ಅಂತ ಗೊತ್ತಾಯಿತು, ಅಷ್ಟೇ!

ಮಣ್ಣಕ್ಕ (ಮಂಜೇಶ್ವರ):
ಹಾಗಾದರೆ ಉಪ್ಪೇ. ಬಾಯಿ ಮೀಟರಿಗೆ ಅಂಕಿ ಬರುವುದಿಲ್ಲ 🙂. ಪೆನ್ನಿನ ಹಾಗಿರುವ ಇಸಿ ಮೀಟರ್ ತರಿಸಿ. ಕುಡಿಯುವ ನೀರಿಗೆ ಅಂತ ಮಾರುವ ಟಿಡಿಎಸ್ ಪೆನ್ನಿನಲ್ಲಿ ದೊಡ್ಡ ಅಂಕಿ ಬರುವುದಿಲ್ಲ, ಎಷ್ಟರವರೆಗೆ ಅಳೆಯುತ್ತದೆ ಎಂದು ಮೊದಲೇ ನೋಡಿ. ಮೈಕ್ರೋಸೀಮನ್ಸಿನಲ್ಲಿ ತೋರಿಸಿದರೆ ಸಾವಿರದಿಂದ ಭಾಗಿಸಿ.

ಶಿರೋಳ ಕಬ್ಬು:
ಕೊಲ್ಲಾಪುರ ಜಿಲ್ಲೆಯಿಂದ ಬರೆಯುತ್ತಿದ್ದೇನೆ. ನಮ್ಮ ಕಡೆ ಕಪ್ಪು ಮಣ್ಣಿಗೆ ಕಬ್ಬಿನ ನೀರು ಕುಡಿಸಿ ಕುಡಿಸಿ ಹೊಲ ಸವಳಾಗಿದೆ, ಮೇಲೆ ಬಿಳಿ ಪುಡಿ. ಹರಿಯಾಣದ ಕರ್ನಾಲಿನ ಸಂಶೋಧನಾ ಸಂಸ್ಥೆಯ ಸಿಎಸ್‌ಆರ್ ಭತ್ತ ಉಪ್ಪಿಗೆ ಆಗುತ್ತದೆ ಅಂತ ಕೇಳಿದ್ದೆ. ಕರಾವಳಿಯವರು ಅದನ್ನೇ ತಂದು ಹಾಕಬಹುದಲ್ಲ?

ಮಣ್ಣಕ್ಕ (ಮಂಜೇಶ್ವರ):
ತಮ್ಮಾ, ಉಪ್ಪು ಅಂದರೆ ಎಲ್ಲ ಕಡೆ ಒಂದೇ ಅಲ್ಲ. ಸಿಎಸ್‌ಆರ್ 36, ಸಿಎಸ್‌ಆರ್ 43 ಥರದವು ಬಂದದ್ದು ಮುಖ್ಯವಾಗಿ ಉತ್ತರ ಭಾರತದ ಬಯಲಿನ ಕ್ಷಾರ ಮಣ್ಣಿಗೆ. ಅಲ್ಲಿ ಪಿಎಚ್ (ಹುಳಿ-ಕ್ಷಾರದ ಅಳತೆ) 8.5ಕ್ಕಿಂತ ಮೇಲೆ, ಮಣ್ಣು ಗಟ್ಟಿ, ನೀರು ಇಳಿಯುವುದಿಲ್ಲ, ಸತುವಿನ ಕೊರತೆ. ಜಿಪ್ಸಮ್ ಹಾಕಿ ಸರಿಮಾಡುತ್ತಾರೆ. ನಮ್ಮ ಕರಾವಳಿಯದ್ದು ತಿರುಗಮುರುಗ. ಉಪ್ಪೂ ಉಂಟು, ಹುಳಿಯೂ ಉಂಟು, ಜೊತೆಗೆ ನೆರೆ. ಅಲ್ಲಿ ಗೆದ್ದದ್ದು ಇಲ್ಲಿ ಗೆಲ್ಲಬೇಕೆಂದಿಲ್ಲ. ನಿಮ್ಮದು ಯಾವುದು ಅಂತ ಪಿಎಚ್ ನೋಡಿ ತೀರ್ಮಾನಿಸಿ.

ತೇಜಸ್ವಿನಿ ದಡ (ನೀಲೇಶ್ವರ):
ಇಷ್ಟೆಲ್ಲ ತಲೆಬಿಸಿ ಯಾಕೆ? ಏಳೋಮ್ ಭತ್ತ ಉಂಟಲ್ಲ! ಏಳೋಮ್ 1, ಏಳೋಮ್ 2 ಬಂದು 2010ರಿಂದ ಎಷ್ಟು ವರ್ಷ ಆಯಿತು. ಕೇರಳ ಕೃಷಿ ವಿಶ್ವವಿದ್ಯಾಲಯದವರು ಕೈಪಾಡಿನ ಊರ ತಳಿಗಳನ್ನೇ ಇಳುವರಿ ತಳಿಗಳ ಜೊತೆ ಕೂಡಿಸಿ ಮಾಡಿದ್ದು. ಅಲ್ಲದೆ 2025ರ ಮೇಯಲ್ಲಿ ಜೀನ್ ಎಡಿಟ್ ಮಾಡಿದ 'ಪೂಸಾ ಡಿಎಸ್‌ಟಿ ರೈಸ್ 1' ಅಂತ ಕೇಂದ್ರದವರು ಘೋಷಿಸಿದರು. ಬರ, ಉಪ್ಪು ಎರಡಕ್ಕೂ ಆಗುತ್ತದಂತೆ. ಇನ್ನು ಅಜ್ಜನ ಕಜೆ ಹಿಡಿದುಕೊಂಡು ಏನು ಮಾಡುವುದು?

ತಳಿಹುಡುಕ (ಕಾಸರಗೋಡು):
ಏಳೋಮ್ ಹಾಕಿ ನೋಡುವುದು ಒಳ್ಳೆಯದೇ, ನಾನೂ ಅದನ್ನೇ ಹೇಳುತ್ತಿದ್ದೆ. ಡಿಎಸ್‌ಟಿ ವಿಷಯ ಬೇರೆ. ಅದು ಎಂಟಿಯು 1010 ಎಂಬ ಆಂಧ್ರದ ತಳಿಯಲ್ಲಿ ಡಿಎಸ್‌ಟಿ ಎಂಬ ಜೀನನ್ನು ತಿದ್ದಿ ಮಾಡಿದ್ದು. ಬಿಳಿ ಅಕ್ಕಿ. ಇಲ್ಲಿ ಗಂಜಿಗೆ ಕೆಂಪು ಕುಚ್ಚಲಕ್ಕಿಯೇ ಬೇಕು ಎನ್ನುವವರ ಬೈಲಿಗೆ, ತಿಂಗಳುಗಟ್ಟಲೆ ನೀರು ನಿಲ್ಲುವ ಗದ್ದೆಗೆ ಅದು ಹೇಗೆ ಹೊಂದುತ್ತದೆ ಎಂದು ಇಲ್ಲೇ ನೆಟ್ಟು ನೋಡಬೇಕು.

ಇನ್ನು ಕಜೆ ಯಾಕೆ ಬೇಕು ಅಂದರೆ, ನಮಗೆ ಇಲ್ಲಿಯವರೆಗೆ ಚೆನ್ನಾಗಿ ಗೊತ್ತಿರುವ ಸಾಲ್ಟಾಲ್ ಕೆಲಸ ಮಾಡುವುದು ನೇಜಿ ಹಂತದಲ್ಲಿ. ಪೊಕ್ಕಾಳಿಯನ್ನು ಉಪ್ಪು ತಾಳದ ಐಆರ್ 29 ಎಂಬ ತಳಿಯ ಜೊತೆ ಕೂಡಿಸಿ ಬಂದ ಎಫ್‌ಎಲ್ 478 ಎಂಬ ಸಾಲನ್ನು ಜಗತ್ತಿನ ಎಷ್ಟೋ ಕಡೆ ಇದಕ್ಕೇ ಬಳಸುತ್ತಾರೆ. ಪೊಕ್ಕಾಳಿ ತುಂಬಾ ಎತ್ತರ, ಮಲಗಿಬಿಡುತ್ತದೆ, ಇಳುವರಿ ಕಡಿಮೆ. ಎಫ್‌ಎಲ್ 478 ಗಿಡ್ಡ, ಬೇಗ ಬರುತ್ತದೆ. ಆದರೆ ನೇಜಿಯಲ್ಲಿ ಗಟ್ಟಿ ಇದ್ದದ್ದು ಹೂವಿನ ಹೊತ್ತಿಗೂ ಗಟ್ಟಿ ಇರಬೇಕೆಂದಿಲ್ಲ. ಎರಡಕ್ಕೂ ಸಂಬಂಧ ತೀರಾ ಕಡಿಮೆ ಎಂದು ಮತ್ತೆ ಮತ್ತೆ ಕಂಡಿದೆ. ನಮ್ಮ ಸುಗ್ಗಿ ಬೆಳೆಗೆ ಉಪ್ಪು ಬಡಿಯುವುದು ಯಾವಾಗ? ಹೊಳೆಯ ಹರಿವು ಇಳಿದು ಉಬ್ಬರ ಮೇಲೇರುವ ಹೊತ್ತಿಗೆ, ಅಂದರೆ ಸರಿಯಾಗಿ ಕದಿರಿನ ಕಾಲಕ್ಕೆ. ಕೈಪಾಡಿನ ಸಮಸ್ಯೆ ಬೇರೆ, ಬೈಲಿನದ್ದು ಬೇರೆ. ಕದಿರು ಹಂತದಲ್ಲಿ ತಾಳುವ ತಳಿಗಳೇ ಕಡಿಮೆ ಗೊತ್ತಿರುವುದು. ಈ ಕಜೆ ಅಂಥದ್ದಾದರೆ ಅದು ಚಿಕ್ಕ ವಿಷಯ ಅಲ್ಲ.

ಮೊಗ್ರಾಲು ಟೀಚರ್:
ಹಾಗಾದರೆ ಮನೆಯಲ್ಲಿ ಪರೀಕ್ಷೆ ಮಾಡುವುದು ಹೇಗೆ, ಅದನ್ನು ಹೇಳಿ. ಪ್ರಶ್ನೆ ಶುರುವಾದದ್ದೇ ಅಲ್ಲಿಂದ ಅಲ್ವಾ?

ತಳಿಹುಡುಕ (ಕಾಸರಗೋಡು):
ಹೇಳುತ್ತೇನೆ. ಮೊದಲು ನೇಜಿಯದ್ದು, ಅದು ಸುಲಭ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಕ್ರಮ ಇದು. ತೇಲುವ ಥರ್ಮೋಕೋಲ್ ಹಲಗೆಗೆ ತೂತು ಮಾಡಿ, ಅಡಿಗೆ ನೈಲಾನ್ ಬಲೆ ಹೊಲಿದು, ತೂತಿಗೊಂದರಂತೆ ಮೊಳಕೆ ಭತ್ತ ಇಡುತ್ತಾರೆ. ಕೆಳಗೆ ಗೊಬ್ಬರದ ಲವಣಗಳನ್ನು ಕರಗಿಸಿದ ನೀರು. ಮೂರು ದಿನ ಉಪ್ಪಿಲ್ಲದ ನೀರು, ಆಮೇಲೆ ಇಸಿ 6, ಇನ್ನು ಮೂರು ದಿನ ಬಿಟ್ಟು 12. ಲೀಟರಿಗೆ 6ರಿಂದ 7 ಗ್ರಾಂ ಉಪ್ಪು ಹಾಕಿದರೆ 12ರ ಆಸುಪಾಸು ಬರುತ್ತದೆ, ಮೀಟರ್ ನೋಡಿ ಸರಿಮಾಡಿಕೊಳ್ಳಿ. ಪಿಎಚ್ ದಿನಾ 5ಕ್ಕೆ ತರಬೇಕು. ಉಪ್ಪು ಹಾಕಿದ ಹತ್ತನೇ ದಿನ ಒಮ್ಮೆ, ಹದಿನಾರನೇ ದಿನ ಇನ್ನೊಮ್ಮೆ ಗಿಡ ನೋಡಿ 1ರಿಂದ 9ರ ವರೆಗೆ ಅಂಕ ಕೊಡುತ್ತಾರೆ. 1 ಅಂದರೆ ಏನೂ ಆಗಿಲ್ಲ, 9 ಅಂದರೆ ಸತ್ತಿದೆ ಅಥವಾ ಸಾಯುತ್ತಿದೆ.

ಪಕ್ಕದಲ್ಲಿ ಗೊತ್ತಿರುವ ತಳಿಗಳು ಇಲ್ಲದಿದ್ದರೆ ಈ ಅಂಕಕ್ಕೆ ಕಾಸಿನ ಬೆಲೆ ಇಲ್ಲ. ಒಂದು ಸಾಯುವುದು, ಒಂದು ನಿಲ್ಲುವುದು. ಸಂಸ್ಥೆಯವರು ಐಆರ್ 29 ಮತ್ತು ಪೊಕ್ಕಾಳಿ ಇಡುತ್ತಾರೆ. ನೀವು ಜ್ಯೋತಿ ಮತ್ತು ಕೈಪಾಡಿನ ಊರ ತಳಿ ಕುತಿರು ಇಡಿ. ಕುತಿರೇ ಸತ್ತರೆ ಉಪ್ಪು ಜಾಸ್ತಿಯಾಯಿತು ಅಂತ, ಜ್ಯೋತಿಯೂ ನಗುನಗುತ್ತಾ ನಿಂತರೆ ಉಪ್ಪು ಸಾಲಲಿಲ್ಲ ಅಂತ.

ನಿಮಗೆ ನಿಜಕ್ಕೂ ಬೇಕಾದದ್ದು ಎರಡನೆಯದು, ಕದಿರಿನದ್ದು. ಕುಂಡದಲ್ಲಿ ಸಿಹಿನೀರಿನಲ್ಲೇ ಬೆಳೆಸಿ. ಕಜೆ ಮೊದಲು ಹೂ ಬಿಡುತ್ತದೆ ಎಂದು ಈಗ ಗೊತ್ತಲ್ಲ, ಆದ್ದರಿಂದ ಜ್ಯೋತಿಯನ್ನು ಮೊದಲು ಬಿತ್ತಿ, ಕಜೆಯನ್ನು ತಡವಾಗಿ, ವಾರದ ಅಂತರದಲ್ಲಿ ಎರಡು ಮೂರು ಸಲ ಬಿತ್ತಿ. ಯಾವುದಾದರೂ ಒಂದು ಸಲದ್ದು ಜ್ಯೋತಿಯ ಜೊತೆಗೇ ಹೊಡೆಗೆ ಬರುತ್ತದೆ. ಕೊನೆಯ ಎಲೆ, ಬಾವುಟ ಎಲೆ ಎನ್ನುತ್ತಾರಲ್ಲ, ಅದು ಹೊರಬಂದಾಗ ಎರಡಕ್ಕೂ ಒಟ್ಟಿಗೇ ಉಪ್ಪುನೀರು ಕೊಡಿ. ಸಂಸ್ಥೆಯಲ್ಲಿ ಆಗ ಹಳೆ ಎಲೆಗಳನ್ನು ಕತ್ತರಿಸಿ ಮೇಲಿನ ಎರಡನ್ನು ಮಾತ್ರ ಬಿಡುವ ಕ್ರಮವೂ ಉಂಟು. ಉಪ್ಪು ಹಳೆ ಎಲೆಯಲ್ಲಿ ಅಡಗಿ ಕೂರದೆ ಸೀದಾ ಕದಿರಿಗೆ ತಾಗಲಿ ಎಂದು. ಒಂದೊಂದು ತಳಿಯ ಕೆಲವು ಕುಂಡಗಳನ್ನು ಸಿಹಿನೀರಿನಲ್ಲೇ ಬಿಡಬೇಕು. ಕೊಯ್ದು ಕದಿರಿಗೆ ಎಷ್ಟು ಕಾಳು, ಎಷ್ಟು ಜೊಳ್ಳು ಎಂದು ಎಣಿಸಿ. ಉಪ್ಪಿನದನ್ನು ಅದೇ ತಳಿಯ ಸಿಹಿನೀರಿನದಕ್ಕೆ ಹೋಲಿಸಿ, ಜ್ಯೋತಿಗೆ ಅಲ್ಲ.

ನೀರ್ಚಾಲು ಭಾವ:
ಇಷ್ಟು ಮಾಡಿ ಬೀಜ ತೆಗೆದುಕೊಂಡು ಹೋಗಿ ಕೊಟ್ಟರೆ, ನಾಳೆ ಅದಕ್ಕೆ ನಂಬರ್ ಹಾಕಿ ತಮ್ಮ ತಳಿ ಎಂದು ಬಿಡುಗಡೆ ಮಾಡುತ್ತಾರೆ. ಬೈಲಮನೆಯವರ ಹೆಸರು ಎಲ್ಲಿಯೂ ಇರುವುದಿಲ್ಲ. ನೋಡಿದ್ದೇವೆ.

ಮಣ್ಣಕ್ಕ (ಮಂಜೇಶ್ವರ):
ಹೆದರಿಕೆ ಸುಮ್ನೆ ಅಲ್ಲ. ಆದರೆ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ ಉಂಟು. ರೈತರ ತಳಿಯನ್ನು ರೈತರ ಹೆಸರಲ್ಲೇ ನೋಂದಾಯಿಸಬಹುದು, ಅದಕ್ಕೆ ಶುಲ್ಕ ಇಲ್ಲ. ಬೇರೆಯವರು ಅದನ್ನು ಬಳಸಿ ತಳಿ ಮಾಡಿದರೆ ಲಾಭದ ಪಾಲು ಕೇಳುವ ಅವಕಾಶವೂ ಕಾನೂನಿನಲ್ಲಿದೆ. ಬೀಜ ಕೊಡುವಾಗ ಎಲ್ಲಿಂದ, ಯಾರಿಂದ, ಯಾವ ದಿನ ಎಂದು ಬರೆದು ಸಹಿ ಪಡೆಯಿರಿ. ಒಬ್ಬರ ಮನೆಯದಲ್ಲ, ಬೈಲಿನ ನಾಲ್ಕು ಮನೆಯವರು ಬೆಳೆಯುತ್ತಾರೆ ಅಂದರೆ ಪಾಡಶೇಖರ ಸಮಿತಿಯ (ಬೈಲಿನ ರೈತರ ಸಂಘ) ಹೆಸರಲ್ಲಿ ಹೋಗುವುದು ಒಳ್ಳೆಯದು.

ಬೈಲಮನೆ (ಕುಂಬಳೆ):
ಎಲ್ಲರಿಗೂ ಉಪಕಾರ. ಇಷ್ಟು ಉತ್ತರ ಬರುತ್ತದೆ ಎಂದು ಎಣಿಸಿರಲಿಲ್ಲ. ಇನ್ನೆರಡು ಪ್ರಶ್ನೆ. ಕಜೆ ಗದ್ದೆಯಲ್ಲೇ ಎಲ್ಲ ಗಿಡ ಒಂದೇ ಥರ ಇಲ್ಲ. ಕೆಲವು ಬುಡ ತುಂಬಾ ಚೆನ್ನಾಗಿವೆ, ಕೆಲವು ಜ್ಯೋತಿಯ ಹಾಗೇ ಬೆಳ್ಳಗಾಗಿವೆ. ಬೀಜ ಒಟ್ಟಿಗೆ ತೆಗೆಯುವುದಾ? ಎರಡನೆಯದು, ಮನೆಯಲ್ಲಿ ಹೇಳುತ್ತಿದ್ದಾರೆ, ಇದರ ಬೈಹುಲ್ಲು ಉದ್ದ, ದನಕ್ಕೆ ಒಳ್ಳೆಯದು, ಅಕ್ಕಿ ಗಂಜಿಗೆ ರುಚಿ, ಹೊಸ ತಳಿ ಮಾಡುವವರು ಅದನ್ನೆಲ್ಲ ಕಳೆದುಬಿಡುತ್ತಾರಾ ಎಂದು.

ತಳಿಹುಡುಕ (ಕಾಸರಗೋಡು):
ಒಟ್ಟಿಗೆ ಬೇಡವೇ ಬೇಡ! ಹಳೆ ತಳಿಯೊಳಗೆ ಅಂಥ ಬೆರಕೆ ಸಾಮಾನ್ಯ. ಬೆಳ್ಳಗಾದ ಬುಡಗಳೂ ಒಂದು ಸಾಕ್ಷಿ, ಅದೇ ನೀರಿನಲ್ಲಿ ಕೆಲವು ತಾಳಲಿಲ್ಲ ಎಂದು. ಬೆಳ್ಳಗಾದವು ತಡವಾಗಿ ಹೂ ಬಿಟ್ಟವಾ ಎಂದು ಮಾತ್ರ ನೆನಪು ಮಾಡಿಕೊಳ್ಳಿ, ಇಲ್ಲದಿದ್ದರೆ ಮತ್ತೆ ಮೊದಲಿನ ಪ್ರಶ್ನೆಗೇ ಬರುತ್ತೇವೆ. ಚೆನ್ನಾಗಿರುವ ಬುಡಗಳಿಗೆ ಈಗಲೇ ನೂಲು ಕಟ್ಟಿ, ಬುಡಕ್ಕೊಂದು ಪೊಟ್ಟಣ ಮಾಡಿ, ಮುಂದಿನ ಸಲ ಒಂದು ಕದಿರಿನ ಬೀಜಕ್ಕೆ ಒಂದು ಸಾಲು ಹಾಕಿ. ಭತ್ತ ತನ್ನಲ್ಲೇ ಪರಾಗ ಕೂಡಿಸಿಕೊಳ್ಳುವ ಬೆಳೆ, ಸಾಲಿನಲ್ಲಿ ಗುಣ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ.

ಬೈಹುಲ್ಲು, ರುಚಿ ಎಲ್ಲ ಕಳೆಯುತ್ತದಾ ಅಂದರೆ, ಕಜೆಯನ್ನು ದಾನಿಯಾಗಿ ಬಳಸಿದರೆ ಹೌದು. ಜ್ಯೋತಿಗೆ ಕೂಡಿಸಿ, ಮತ್ತೆ ಮತ್ತೆ ಜ್ಯೋತಿಗೇ ಕೂಡಿಸುತ್ತಾ ಹೋಗುತ್ತಾರೆ. ಕಜೆಯ ಪಾಲು ಮೊದಲು ಅರ್ಧ, ಆಮೇಲೆ ಕಾಲು, ಆಮೇಲೆ ಅರೆಕಾಲು. ಉಪ್ಪಿನ ಗುಣದ ತುಂಡು ಮಾತ್ರ ಉಳಿದಿದೆಯಾ ಎಂದು ಡಿಎನ್‌ಎ ಗುರುತು ಇಟ್ಟು ನೋಡುತ್ತಾರೆ. ಅದು ಅವರ ಕೆಲಸ. ನಿಮ್ಮ ಕಜೆಯನ್ನೇ ಶುದ್ಧ ಮಾಡಿ ನಿಮ್ಮ ಬೈಲಿಗೆ ಇಟ್ಟುಕೊಳ್ಳುವುದನ್ನು ಯಾರೂ ತಡೆಯುವುದಿಲ್ಲ. ಎರಡೂ ಒಟ್ಟಿಗೆ ನಡೆಯಲಿ.

ತೇಜಸ್ವಿನಿ ದಡ (ನೀಲೇಶ್ವರ):
ಕುತಿರು ಬೀಜ ಬೇಕಾದರೆ ಹೇಳಿ, ನಮ್ಮ ಕಡೆ ಕೈಪಾಡು ಮಾಡುವವರ ಹತ್ತಿರ ಕೇಳಿ ಎರಡು ಸೇರು ಕಳಿಸುತ್ತೇನೆ. ಏಳೋಮ್ ಕೂಡ ಸ್ವಲ್ಪ ಹಾಕುತ್ತೇನೆ, ಅದನ್ನೂ ಸಾಲಿನಲ್ಲಿಡಿ, ಯಾವುದು ಗೆಲ್ಲುತ್ತದೆ ನೋಡುವ. ಪಡನ್ನಕ್ಕಾಡಿನ ಕೃಷಿ ಕಾಲೇಜು ನಮಗೆ ಹತ್ತಿರ, ಅಂಕಿಗಳು ಕೈಗೆ ಬಂದ ಮೇಲೆ ಒಟ್ಟಿಗೇ ಹೋಗುವ.

ಬೈಲಮನೆ (ಕುಂಬಳೆ):
ಕಳಿಸಿ ಅಣ್ಣ, ಖರ್ಚು ನಾನು ಕೊಡುತ್ತೇನೆ. ನೂಲು ಇವತ್ತೇ ಕಟ್ಟುತ್ತೇನೆ, ಗಿಳಿ ಕಾಟ ಶುರುವಾಗಿದೆ. ಹೂ ಬಿಟ್ಟ ದಿನ ಬುಡಬುಡಕ್ಕೂ ಹೇಳಲಿಕ್ಕಾಗದು, ಆದರೆ ಬೆಳ್ಳಗಾದವು ಹೆಚ್ಚಾಗಿ ಹುಣಿಯ ಬದಿಯವು, ನಂತರ ನೆಟ್ಟವು. ಅದನ್ನೂ ಬರೆದಿಡುತ್ತೇನೆ.

ಮಣ್ಣಕ್ಕ (ಮಂಜೇಶ್ವರ):
ಮೀಟರ್ ಬಂದ ಮೇಲೆ ಹೊಳೆ ನೀರನ್ನು ಉಬ್ಬರ ತುಂಬಿದ ಹೊತ್ತಿಗೊಮ್ಮೆ, ಇಳಿತಕ್ಕೊಮ್ಮೆ ಅಳೆಯಿರಿ. ಅಮಾವಾಸ್ಯೆ, ಹುಣ್ಣಿಮೆ ಬಿಡಬೇಡಿ. ಗದ್ದೆಯ ಮಣ್ಣು ಕೊಯ್ಲಿಗೆ ಮೊದಲು, ಬೇರು ಇರುವಷ್ಟು ಆಳದಿಂದ, ಎರಡೂ ತಳಿಯ ಗದ್ದೆಯಿಂದ ಬೇರೆ ಬೇರೆ ತೆಗೆಯಿರಿ. ಹುಣಿಯ ಬದಿಯದನ್ನು ಇನ್ನೊಂದು ಚೀಲಕ್ಕೆ ಹಾಕಿ. ಅಂಕಿ ಬಂದ ಕೂಡಲೇ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.